ಬಾಲಕ್ಕೆ ಕಟ್ಟಿದ ದಾರ

ಮೌಲಾಲಿಯ ಮೊದಲ ಏಟು ಕೊಟ್ರೇಶನ ದವಡೆಗೆ ಬಿತ್ತು. ಎಡಗೈ ಏಟು. ಹೆಬ್ಬೆರಳು, ತೋರುಬೆರಳು ಎರಡೇ ಉಳಿದಿದ್ದ ಆ ಕೈಯಲ್ಲಿ ಇಷ್ಟು ಬಲ ಇದ್ದೀತೆಂದು ಕೊಟ್ರೇಶ ಎಣಿಸಿರಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಬೀಳದೆ ನಿಂತು, ಅವನು ಮೊದಲು ನೋಡಿದ್ದು ಕೊರಳಿಗೆ ನೇತುಹಾಕಿಕೊಂಡಿದ್ದ ರಿಮೋಟನ್ನು. ಅದಕ್ಕೇನೂ ಆಗಿರಲಿಲ್ಲ. ಬಾಯಲ್ಲಿ ರಕ್ತದ ರುಚಿ ಬಂದದ್ದು ಆಮೇಲೆ.

"ದಾರ ಕಡಿ ಅಂದೆ," ಎಂದ ಮೌಲಾಲಿ. ಅವನ ಬಲಗೈಯಲ್ಲಿ ತಂತಿ ಕಡಿಯುವ ಕಟಿಂಗ್ ಪ್ಲೇಯರ್ ಇತ್ತು. "ಅವತ್ತೂ ಅಂದಿದ್ದೆ, ಇವತ್ತೂ ಅಂತೀನಿ. ಕಡಿಯಲೇ!"

"ಅವ್ವ ಕಟ್ಯಾಳ."

"ನೋಡು, ಅದೇ ಮಾತು! ಹನ್ನೆರಡು ವರ್ಷ ಆತು, ಒಂದು ಅಕ್ಷರ ಬದಲಾಗಿಲ್ಲ ನಿನ್ನ ಬಾಯಾಗ!"

ಇಬ್ಬರ ನಡುವೆ ಮಿಲ್ಲಿನ ಅಂಗಳದ ಕಾಂಕ್ರೀಟಿನ ಮೇಲೆ ಹೆಲಿಕಾಪ್ಟರ್ ನಿಂತಿತ್ತು. ಅದನ್ನು ಆಟಿಕೆ ಎನ್ನುವವರು ಹತ್ತಿರದಿಂದ ನೋಡಿದವರಲ್ಲ. ಮೂಗಿನಿಂದ ಬಾಲದವರೆಗೆ ಗಜಕ್ಕಿಂತ ಉದ್ದ. ನೆತ್ತಿಯ ಮೇಲೆ ಮೊಳಕ್ಕೂ ಮಿಗಿಲಾದ ಎರಡು ಕಾರ್ಬನ್ ರೆಕ್ಕೆಗಳು. ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಅವು ಕಣ್ಣಿಗೆ ಕಾಣುವುದೇ ಇಲ್ಲ, ಗಾಳಿಯಲ್ಲಿ ಒಂದು ಮಸುಕು ತಟ್ಟೆ ಅಷ್ಟೇ. ಆ ತಟ್ಟೆಗೆ ಮನುಷ್ಯನ ಮೂಳೆಯೂ ಒಂದೇ, ಬದನೆಕಾಯಿಯೂ ಒಂದೇ. ಬಾಲದ ತುದಿಯಲ್ಲಿ ಅಂಗೈಯಗಲದ ಚಿಕ್ಕ ಪಂಖ. ಯಂತ್ರವನ್ನು ನೆಟ್ಟಗೆ ಹಿಡಿಯುವುದು ಅದೇ. ಅದು ಕೈಕೊಟ್ಟರೆ ಇಡೀ ಯಂತ್ರ ಗಿರಗಿರ ತಿರುಗಿ ಎಲ್ಲೆಂದರಲ್ಲಿ ನುಗ್ಗುತ್ತದೆ. ಆ ಪಂಖದ ಬುಡದಲ್ಲಿ ಅರಿಶಿನದ ದಾರ ಇತ್ತು. ಮೂರು ಸುತ್ತು, ಒಂದು ಗಂಟು.

ನಿನ್ನೆ ಆಯುಧ ಪೂಜೆ, ಇವತ್ತು ಮಿಲ್ಲಿಗೆ ರಜೆ. ಗೇಟಿನ ಮುಂದೆ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ಇನ್ನೂ ಬಿದ್ದಿದ್ದವು. ಆದೋನಿಯಲ್ಲಿ ಹತ್ತಿ ಮಿಲ್ಲುಗಳಿಗೇನು ಬರವಿಲ್ಲ, ಆದರೆ ಈ ಮಿಲ್ಲಿನ ಪೂಜೆಯ ರೀತಿ ಬೇರೆ. ಕೊಟ್ರೇಶನ ತಾಯಿ ಗುರುಶಾಂತಮ್ಮ ವರ್ಷದ ಮೊದಲ ಹತ್ತಿಯಿಂದ ತಾನೇ ದಾರ ಹೊಸೆದು, ಅರಿಶಿನದಲ್ಲಿ ಅದ್ದಿ, ಹತ್ತಿಯಿಂದ ಬೀಜ ಬಿಡಿಸುವ ಇಪ್ಪತ್ತನಾಲ್ಕು ಜಿನ್ನುಗಳಿಗೂ, ಪ್ರೆಸ್ಸಿಗೂ, ತೂಕದ ಯಂತ್ರಕ್ಕೂ, ಟ್ರ್ಯಾಕ್ಟರಿಗೂ ಕಟ್ಟುತ್ತಾಳೆ. ಕಟ್ಟಿದ ದಾರ ತಾನಾಗಿ ಸವೆದು ಬೀಳಬೇಕು, ಮನುಷ್ಯರು ತೆಗೆಯಬಾರದು. ಗಂಡ ಚನ್ನಬಸಯ್ಯ ತೀರಿಕೊಂಡ ಮೇಲೆ ಯಜಮಾನಿಕೆಯೂ ಆಕೆಯದೇ ಆಗಿ ಈ ಕಟ್ಟಳೆ ಇನ್ನಷ್ಟು ಬಿಗಿಯಾಗಿತ್ತು. ಜಿನ್ನಿನ ಕಬ್ಬಿಣದ ಕಾಲಿಗೆ ಕಟ್ಟಿದ ದಾರದಿಂದ ಯಾರಿಗೂ ಏನೂ ಆಗುವುದಿಲ್ಲ. ಹೆಲಿಕಾಪ್ಟರಿನ ಬಾಲ ಜಿನ್ನಿನ ಕಾಲಲ್ಲ.

ಇದು ಕೊಟ್ರೇಶನಿಗೆ ಗೊತ್ತಿರಲಿಲ್ಲವೇ? ಅವನಷ್ಟು ಚೆನ್ನಾಗಿ ಗೊತ್ತಿದ್ದವನು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನೇ, ಅವನು ಈಗ ಎದುರಿಗೆ ಪ್ಲೇಯರ್ ಹಿಡಿದು ನಿಂತಿದ್ದ.

ಹನ್ನೆರಡು ವರ್ಷದ ಹಿಂದೆ ಮೌಲಾಲಿ ಇದೇ ಮಿಲ್ಲಿನ ಫಿಟ್ಟರ್. ಪಿಂಜಾರರ ಮನೆಯವನು, ಹತ್ತಿಯ ಧೂಳಿನಲ್ಲೇ ಹುಟ್ಟಿದವನು. ಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದ. ಯಜಮಾನರ ಮಗನ ಹೆಲಿಕಾಪ್ಟರಿಗೆ ಅವನೇ ವೈದ್ಯ. ಆ ವರ್ಷವೂ ಪೂಜೆಯ ಮರುದಿನ ಇಬ್ಬರೂ ಇದೇ ಅಂಗಳಕ್ಕೆ ಇಳಿದಿದ್ದರು. ಬಾಲದ ದಾರ ಕಂಡು ಮೌಲಾಲಿ ಪ್ಲೇಯರ್ ತೆಗೆದ. ಕೊಟ್ರೇಶ ಅವನ ಮಣಿಕಟ್ಟು ಹಿಡಿದು, ಬ್ಯಾಡೋ, ಅವ್ವ ಕಟ್ಯಾಳ, ನೊಂದ್ಕೊಂತಾಳ ಎಂದ. ಎರಡು ರೆಕ್ಕೆ ಒಂದೇ ಗೆರೆಯಲ್ಲಿ ತಿರುಗುತ್ತವೆಯೇ ಎಂದು ಪಕ್ಕದಿಂದ ಕಣ್ಣಿಟ್ಟು ನೋಡಲು ಮೌಲಾಲಿ ಐದಾರು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ದಾರ ಜಾರಿ ಪಂಖಕ್ಕೆ ಸುತ್ತಿಕೊಂಡಿತು. ಯಂತ್ರ ಗಿರ್ರನೆ ತಿರುಗಿ ಹಾರಿ ಅವನ ಮೇಲೆರಗಿತು. ಮುಖಕ್ಕೆ ಅಡ್ಡ ಹಿಡಿದ ಎಡಗೈಯಿಂದ ಮೂರು ಬೆರಳು ಹೋದವು. ಒಂದು ಸಿಕ್ಕಿತು, ಎರಡು ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಗುರುಶಾಂತಮ್ಮ ಹೇಳಿದಳು: ಅವನ ಕೈಯಾಗ ಪ್ಲೇಯರ್ ಇತ್ತು, ದಾರ ಕಡಿದಾನ, ಆ ದೇವಿ ಬಿಡ್ತಾಳೇನು? ಕೊಟ್ರೇಶ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಬರುವಷ್ಟರಲ್ಲಿ ಸುದ್ದಿ ಗಡಿಯ ಮಾಧವರಂ ದಾಟಿ ಹೊಳೆಯಾಚೆಗೂ ಹೋಗಿತ್ತು. ಮೌಲಾಲಿ ಅಲ್ಲ ಅಲ್ಲ ಎಂದು ಕೂಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೂಜೆಯ ದಾರ ಕಡಿದ ಕೈಯನ್ನು ಮತ್ತೆ ಯಾವ ಮಿಲ್ಲಿನವರೂ ಯಂತ್ರಕ್ಕೆ ಮುಟ್ಟಿಸಲಿಲ್ಲ. ಅಂಥ ಫಿಟ್ಟರ್ ಬಸ್ ಸ್ಟ್ಯಾಂಡಿನ ಹಿಂದೆ ಮಿಕ್ಸಿ ರಿಪೇರಿ ಮಾಡುತ್ತ ಕೂತ. ಕೊಟ್ರೇಶ ಹೆಲಿಕಾಪ್ಟರನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದ. ಅದನ್ನೇ ದೊಡ್ಡ ಪ್ರಾಯಶ್ಚಿತ್ತ ಅಂದುಕೊಂಡ ಅಂತ ಕಾಣುತ್ತದೆ.

ಮೂರು ತಿಂಗಳ ಹಿಂದೆ ಅಟ್ಟ ಗುಡಿಸುವಾಗ ಪೆಟ್ಟಿಗೆ ಕೆಳಗಿಳಿಯಿತು. "ಇಷ್ಟು ವರ್ಷ ಇಲ್ಲದ್ದು ಈಗೇನು ಬಂತು ನಿಮಗ ದೊಡ್ಡ ರೋಗ?" ಎಂದು ಹೆಂಡತಿ ಪ್ರತಿಮಾ ಕೇಳಿದಳು. ಹೈದರಾಬಾದಿನಿಂದ ಹೊಸ ರೆಕ್ಕೆ, ಬಾಲವನ್ನು ಅಲುಗದಂತೆ ಹಿಡಿಯುವ ಹೊಸ ಗೈರೋ, ಬ್ಯಾಟರಿ ತರಿಸಿದ. ಕಂಪ್ಯೂಟರಿನ ಪರದೆಯ ಮೇಲೆ ದಿನಾ ಹಾರಿಸಿ ನೂರು ಸಲ ಬೀಳಿಸಿದ. ನೂರಾ ಒಂದನೆಯ ಸಲ ಮೂಗು ತನ್ನ ಕಡೆ ತಿರುಗಿಸಿಕೊಂಡು ಗಾಳಿಯಲ್ಲಿ ನಿಲ್ಲಿಸಿದಾಗ, ಅಬ್ಬಾ, ಬೆರಳುಗಳು ಏನೂ ಮರೆತಿಲ್ಲ! ನಾಚಿಕೆಯಾಗುವಷ್ಟು ಖುಷಿಯಾಯಿತು ಅವನಿಗೆ.

ನಿನ್ನೆ ತಾಯಿ ಅದಕ್ಕೂ ದಾರ ಕಟ್ಟಿದಳು. ಕಡಿದರೆ ಯಾಕೆ ಕಡಿದೆ ಎಂದು ಕೇಳುತ್ತಾಳೆ. ಉತ್ತರ ಹೇಳಿದರೆ ಹಳೆಯದೆಲ್ಲ ಹೊರಗೆ ಬರುತ್ತದೆ. ಕೊಟ್ರೇಶ ದಾರದ ಮೇಲೆ ಒಂದು ತುಂಡು ಟೇಪ್ ಅಂಟಿಸಿದ. ಮೊಣಕಾಲೆತ್ತರ ಐದೇ ನಿಮಿಷ ಹಾರಿಸಿದರೆ ಏನಾದೀತು ಎಂದುಕೊಂಡ. ಹೇಡಿಗಳು ಹೀಗೇ ಟೇಪ್ ಅಂಟಿಸುತ್ತಾರೆ.

ಬ್ಯಾಟರಿ ಸಿಕ್ಕಿಸುವ ಹೊತ್ತಿಗೆ ಮೌಲಾಲಿ ಗೇಟು ತಳ್ಳಿಕೊಂಡು ಬಂದಿದ್ದ.

"ಮೊನ್ನೆ ಮಂತ್ರಾಲಯ ರೋಡಿನ ಹೊಸ ಮಿಲ್ಲಿನವರು ನನ್ನ ಕರೆದಿದ್ರು," ಎಂದ ಈಗ, ಏದುಸಿರು ಬಿಡುತ್ತ. "ಹೆಡ್ ಫಿಟ್ಟರ್ ಕೆಲಸ. ಅಂಗಿ ಇಸ್ತ್ರಿ ಮಾಡಿಸ್ಕೊಂಡು ಹೋದೆ. ಅಷ್ಟ್ರಾಗ ನಿಮ್ಮವ್ವ ಫೋನಿನಾಗ ಹೇಳ್ಯಾಳ, ಅದು ದಾರ ಕಡಿದ ಕೈ ಅಂತ. ಹನ್ನೆರಡು ವರ್ಷ ಆದ್ರೂ ಬಿಡವಲ್ಲಳು. ನೀನು ನೋಡಿದ್ರ ಇಲ್ಲಿ ಆಟ ಹಚ್ಚೀದಿ. ನಿಜಂ ಚೆಪ್ಪರಾ ಕೊಟ್ರಾ. ನಿಮ್ಮವ್ವನ ಮುಂದ ನಿಜ ಹೇಳು. ಮತ್ತೇನೂ ಬ್ಯಾಡ ನನಗ."

"ಆಗಿದ್ದು ಆಗಿಹೋತು, ಮೌಲಾಲಿ. ಈಗ ಯಾಕ..."

ಎರಡನೆಯ ಏಟು ಮೂಗಿಗೆ. ಈ ಸಲ ಕೊಟ್ರೇಶನೂ ಬಿಡಲಿಲ್ಲ. ರಿಮೋಟನ್ನು ಬೆನ್ನಿಗೆ ಸರಿಸಿ ಮೌಲಾಲಿಯ ಹೊಟ್ಟೆಗೆ ತಲೆ ಹಾಕಿ ನುಗ್ಗಿದ. ಇಬ್ಬರೂ ಉರುಳಿದರು. ಮೊಣಕೈ, ಮೊಣಕಾಲು, ಹಲ್ಲು. ನಲವತ್ತು ದಾಟಿದ ಗಂಡಸರ ಜಗಳ ನೋಡಲು ಚೆಂದವಿರುವುದಿಲ್ಲ. ಕಲಿತ ಪಟ್ಟು ಒಂದೂ ಇರುವುದಿಲ್ಲ, ಬರೀ ದ್ವೇಷ. ಕೊಟ್ರೇಶ ಅವನ ಎಡಗೈಯನ್ನು, ಆ ಮೊಂಡು ಕೈಯನ್ನೇ ಹಿಡಿದು ನೆಲಕ್ಕೆ ಬಡಿದ. ಮೌಲಾಲಿ ಕಿರುಚಿದ. ಆ ಕಿರುಚು ಹನ್ನೆರಡು ವರ್ಷದ ಹಿಂದಿನದೇ.

"ಬಿಡಲೇ! ಇಬ್ರೂ ಬಿಡ್ರಿ!"

ಗುರುಶಾಂತಮ್ಮ ಮನೆಯ ಮೆಟ್ಟಿಲಿಳಿದು ಬರುತ್ತಿದ್ದಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಂಗಳಾರತಿ ತಟ್ಟೆ. ಹಿಂದೆ ಪ್ರತಿಮಾ ಓಡಿ ಬಂದಳು. ಮಗನ ಮೂಗಿನ ರಕ್ತ ಕಂಡು ಮುದುಕಿಯ ದನಿ ಚಾಕುವಾಯಿತು. "ಬೆರಳು ಹೋದ್ರೂ ಬುದ್ಧಿ ಬರಲಿಲ್ಲೇನೋ ನಿನಗ? ಮತ್ತ ಪ್ಲೇಯರ್ ಹಿಡ್ಕೊಂಡು ಬಂದೀಯಲ್ಲ!"

ಮೌಲಾಲಿ ಎದ್ದ. ಅಂಗಿ ಹರಿದಿತ್ತು. ಪ್ಲೇಯರನ್ನು ಆಕೆಯ ಕಾಲಬಳಿ ಎಸೆದ. ನೆಟ್ಟಗೆ ಹೆಲಿಕಾಪ್ಟರಿನ ಪಕ್ಕಕ್ಕೆ ಹೋಗಿ, ಅಂದು ಕೂತ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತ. ಬಲಗೈಯನ್ನು, ಐದೂ ಬೆರಳಿದ್ದ ಕೈಯನ್ನು, ಮುಂದೆ ಚಾಚಿದ.

"ಅಮ್ಮಾರಾ, ಈಗ ನನ್ನ ಕೈಯಾಗ ಏನೂ ಇಲ್ಲ. ದಾರ ನೀವು ಕಟ್ಟಿದ್ದು ಹಂಗೇ ಐತಿ. ಹಾರ್ಸು ಅನ್ರಿ ಮಗನಿಗೆ. ನಿಮ್ಮ ದಾರ ಕಾಯ್ತೈತೋ ಕಡೀತೈತೋ ನೋಡೇ ಬಿಡೋಣ."

"ಎದ್ದೇಳೋ ಹುಚ್ಚಾ," ಎಂದ ಕೊಟ್ರೇಶ.

"ನಿಜ ಹೇಳು, ಏಳ್ತೀನಿ."

ಒಂದೇ ವಾಕ್ಯ. ಮೂರು ಮಾತಿನ ವಾಕ್ಯ. ಅದನ್ನು ಹೇಳಿ ಮುಗಿಸುವುದನ್ನು ಬಿಟ್ಟು ಕೊಟ್ರೇಶ ರಿಮೋಟನ್ನು ಹೊಟ್ಟೆಯ ಮುಂದಕ್ಕೆ ಎಳೆದುಕೊಂಡ. ಇಷ್ಟು ವರ್ಷ ಎದೆಯ ಮೇಲೆ ಕೂತವನು, ತಾನು ಬಸ್ ಸ್ಟ್ಯಾಂಡಿನ ಹಿಂದೆ ತಲೆ ಹಾಕದಂತೆ ಮಾಡಿದವನು, ಇವತ್ತಿನ ಒಂದು ಬೆಳಗಿನ ಖುಷಿಯನ್ನೂ ಕಿತ್ತುಕೊಳ್ಳಲು ಬಂದಿದ್ದಾನೆ. ಹೋಗಲಿ, ಆ ಕೈಯೂ ಹೋಗಲಿ! ಹಾಗೆಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಮೋಟಾರಿನ ಗುಂಡಿ ಒತ್ತಿದ.

"ರೀ!" ಎಂದಳು ಪ್ರತಿಮಾ.

ರೆಕ್ಕೆಗಳು ಮೊದಲು ಸೋಮಾರಿಗಳಂತೆ ತಿರುಗಿದವು. ಹತ್ತು ಸೆಕೆಂಡಿನಲ್ಲಿ ಮಾಯವಾದವು. ಅಂಗಳದ ಹತ್ತಿ ಎಳೆಗಳೆಲ್ಲ ಎದ್ದು ಹಾರಾಡಿದವು. ಮೌಲಾಲಿಯ ಮೊಂಡು ಕೈ ತಾನಾಗಿ ಮುಖಕ್ಕೆ ಅಡ್ಡ ಹೋಯಿತು, ಆದರೆ ಚಾಚಿದ ಬಲಗೈಯನ್ನು ಅವನು ಹಿಂದಕ್ಕೆ ತೆಗೆಯಲಿಲ್ಲ. ಆ ಮೊಂಡು ಕೈ ಕಂಡದ್ದೇ ಕೊಟ್ರೇಶನ ಸಿಟ್ಟು ಜರ್ರನೆ ಇಳಿಯಿತು. ಬೆರಳು ಮೋಟಾರು ನಿಲ್ಲಿಸುವ ಗುಂಡಿಯ ಕಡೆ ಓಡಿತು. ಅದು ತಲುಪುವ ಮೊದಲೇ ಬಾಲದಲ್ಲಿ ಟೇಪ್ ಬಿಚ್ಚಿಕೊಂಡಿತು.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ. ಬಾಲ ರಪ್ಪನೆ ಸುತ್ತಿತು, ಯಂತ್ರ ಮಗ್ಗುಲಾಯಿತು, ರೆಕ್ಕೆ ಕಾಂಕ್ರೀಟಿಗೆ ಬಡಿದು ಸಿಡಿಯಿತು. ಒಂದು ಚೂರು ಮೌಲಾಲಿಯ ಕಿವಿಯ ಪಕ್ಕದಲ್ಲಿ ಹಾದು ಶೆಡ್ಡಿನ ತಗಡನ್ನು ತೂತು ಮಾಡಿತು. ಇನ್ನೊಂದು ಕೊಟ್ರೇಶನ ಹುಬ್ಬು ಸೀಳಿತು. ಉಳಿದ ಮುರುಕು ಹೆಲಿಕಾಪ್ಟರ್ ನೆಲವನ್ನು ಗೀರುತ್ತ, ಒದೆಯುತ್ತ ಹೋಗಿ, ಆ ಚಾಚಿದ ಬೆರಳುಗಳಿಂದ ಒಂದು ಗೇಣಿನಲ್ಲಿ ನಿಂತಿತು. ಗುರುಶಾಂತಮ್ಮನ ಕೈಯಿಂದ ತಟ್ಟೆ ಬಿದ್ದ ಸದ್ದು ಎಲ್ಲದಕ್ಕಿಂತ ಕೊನೆಗೆ ಕೇಳಿಸಿತು.

ಕೊಟ್ರೇಶ ಮಂಡಿಯೂರಿ ಕೂತಿದ್ದ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು. ಪ್ರತಿಮಾ ಸೆರಗು ಒತ್ತಲು ಬಂದರೆ ಆಕೆಯ ಕೈ ತಳ್ಳಿದ.

"ಅವ್ವಾ, ಅವತ್ತು ಅವ ದಾರ ಕಡಿದಿಲ್ಲ. ಕಡೀತೀನಿ ಅಂದ, ನಾನೇ ಕೈ ಹಿಡಿದು ಬ್ಯಾಡ ಅಂದೆ. ಇಷ್ಟು ದಿನ ಸುಮ್ನಿದ್ದೆ."

ಗುರುಶಾಂತಮ್ಮ ಬಗ್ಗಿ ಬಾಲದ ಪಂಖವನ್ನು ನೋಡುತ್ತಿದ್ದಳು. ಹಳದಿ ದಾರ ಕಡ್ಡಿಗೆ ಬಿಗಿಯಾಗಿ ಸುತ್ತಿಕೊಂಡು ಗಂಟುಗಂಟಾಗಿತ್ತು.

"ಗೊತ್ತೈತಿ," ಎಂದಳು.

ಕೊಟ್ರೇಶ ತಲೆಯೆತ್ತಿದ.

"ಅವತ್ತು ಮಾಳಿಗಿ ಮ್ಯಾಲೆ ಸಂಡಿಗಿ ಹರವಕ್ಕೆ ಹೋಗಿದ್ದೆ. ನೀ ಅವನ ಕೈ ಹಿಡಿದಿದ್ದು ಕಣ್ಣಾರೆ ನೋಡೀನಿ." ಆಕೆಯ ದನಿಯಲ್ಲಿದ್ದ ಚಾಕು ಎಲ್ಲೋ ಬಿದ್ದುಹೋಗಿತ್ತು. "ನಾ ಹೊಸೆದ ದಾರ, ನಾ ಹಾಕಿದ ಗಂಟು, ಒಬ್ಬರ ಬೆರಳು ತಿಂತು ಅಂದ್ರ ನಾ ಹ್ಯಾಂಗ ಉಣ್ಣಲಿ? ಯಾವ ಕೈಯಿಂದ ಮತ್ತ ದೀಪ ಹಚ್ಚಲಿ? ಈ ಸಲ ಕಟ್ಟದೆ ಬಿಟ್ಟಿದ್ರ ಒಪ್ಕೊಂಡಂಗ ಆಗ್ತಿತ್ತು. ಅದಕ್ಕ ಸಡಿಲಾಗಿ ಕಟ್ಟಿದೆ, ತಾನೇ ಬಿದ್ದು ಹೋಗಲಿ ಅಂತ."

ಮೌಲಾಲಿ ಇನ್ನೂ ಕೂತೇ ಇದ್ದ. ಕೈ ಮಾತ್ರ ಮಡಿಲಿಗೆ ಬಂದಿತ್ತು. ಇಷ್ಟು ವರ್ಷ ಅವನು ಒಬ್ಬ ಸುಳ್ಳುಗಾರನನ್ನು ದ್ವೇಷಿಸುತ್ತಿದ್ದ, ಈಗ ಇಬ್ಬರಾದರು.

"ನನ್ನ ಮುಂದ ಹೇಳಿದ್ರ ಏನು ಬಂತ್ರಿ ಅಮ್ಮಾರಾ," ಎಂದ. "ನಾಳೆ ಎಲ್ಲರೂ ಕೆಲಸಕ್ಕ ಬರ್ತಾರ. ಅವರ ಮುಂದ ಹೇಳ್ತೀರೇನು?"

ಗುರುಶಾಂತಮ್ಮ ಹಿಂದಕ್ಕೆ ಹೋಗಿ, ಅವನು ಎಸೆದಿದ್ದ ಪ್ಲೇಯರನ್ನು ಎತ್ತಿಕೊಂಡಳು. ಅದನ್ನು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದೆ ಎರಡು ಕೈಯಲ್ಲಿ ಹಿಡಿದಳು. ಅಂಗಳ ದಾಟಿ, ಶೆಡ್ಡಿನ ಕದ ಭುಜದಿಂದ ತಳ್ಳಿ, ಜಿನ್ನುಗಳ ಸಾಲಿನ ಕಡೆ ಹೋದಳು. ಪ್ರತಿಮಾ "ಅತ್ತೀ" ಎಂದು ಎರಡು ಹೆಜ್ಜೆ ಹಿಂಬಾಲಿಸಿ ನಿಂತುಬಿಟ್ಟಳು.

ಒಳಗಿನಿಂದ ದಾರ ಕಡಿದಂಥ ಒಂದು ಸಣ್ಣ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದಿಷ್ಟು ಒಳಗಿನಿಂದ, ಮತ್ತೊಂದು.

ಕೊಟ್ರೇಶ ಹುಬ್ಬನ್ನು ಅಂಗೈಯಲ್ಲಿ ಒತ್ತಿಕೊಂಡು ಮೌಲಾಲಿಯ ಕಡೆ ನೋಡಿದ. ಮೌಲಾಲಿ ಅವನತ್ತ ನೋಡಲಿಲ್ಲ. ಮುರಿದ ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡು, ಬಾಲವನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯ ಎರಡು ಬೆರಳಿನಿಂದ ಕಡ್ಡಿಗೆ ಸುತ್ತಿದ್ದ ದಾರವನ್ನು ಎಳೆ ಎಳೆಯಾಗಿ ಬಿಡಿಸತೊಡಗಿದ. ಶೆಡ್ಡಿನೊಳಗೆ ಏಳನೆಯ ಜಿನ್ನಿನ ಹತ್ತಿರ ಸದ್ದು ಸ್ವಲ್ಪ ನಿಂತಿತು, ಮತ್ತೆ ಮುಂದುವರಿಯಿತು.