ಎರಡು ಕೋಟ್ ಕಪ್ಪು ಬಣ್ಣ

"ಕತ್ರಿ ಕೊಡೇ, ಈ ವೈರಿನ ತುದಿ ಸುಲೀಬೇಕು."

"ಬಟ್ಟೆ ಕತ್ರೀನಾ? ಹಲ್ಲಲ್ಲಿ ಸುಲೀರಿ" ಎಂದಳು ಹೆಂಡತಿ. ಅವಳು ಹೊಲಿಗೆಯವಳು. ಅವಳ ಕತ್ತರಿಯಲ್ಲಿ ಕಾಗದ ಕತ್ತರಿಸಿದ್ದಕ್ಕೇ ಒಮ್ಮೆ ಮನೆಯಲ್ಲಿ ಎರಡು ದಿನ ಮಾತು ನಿಂತಿತ್ತು.

ಗಂಡ ನಕ್ಕು ಹಲ್ಲಿನಲ್ಲೇ ಸುಲಿದ. ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಆಪರೇಷನ್ ಆದ ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡು, ತನ್ನ ಓಬೀರಾಯನ ಕಾಲದ ಮೋಟರ್‌ಸೈಕಲ್ಲಿನ ಪಕ್ಕೆಯೊಳಗೆ ತಲೆ ತೂರಿಸಿದ್ದ. ಹೊಸ ಸೊಲೆನಾಯ್ಡ್ ಅವನ ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟದು. ಬಟನ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಸ್ಟಾರ್ಟರ್ ಮೋಟರಿಗೆ ದಾಟಿಸುವ ಡಬ್ಬಿ, ಅಷ್ಟೇ. ಹಳೆಯದು ಕೆಟ್ಟು, ಬಿಚ್ಚಿ ಎಸೆದು ಎಷ್ಟೋ ವರ್ಷವಾಗಿತ್ತು. ಕಾಲಿರುವಾಗ ಸೆಲ್ಫ್ ಯಾಕೆ ಎಂದು ಅವನು ಎದೆಯುಬ್ಬಿಸಿ ಕಿಕ್ ಹೊಡೆಯುತ್ತಿದ್ದ. ಏಣಿಯಿಂದ ಬಿದ್ದು ಮಂಡಿ ಪುಡಿಯಾಯಿತು. ಗಾಡಿ ಓಡಿಸಿ, ಕಿಕ್ ಮಾತ್ರ ಹೊಡೆಯಬೇಡಿ ಎಂದರು ಡಾಕ್ಟರು. ಅಂದಿನಿಂದ ಅವನ ಜಂಬ ಇಳಿಯಿತು, ಜೊತೆಗೆ ಮಾತೂ ಇಳಿಯಿತು. ಗಾಡಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಿದ್ದ. ಕೊನೆಗೆ ಹೆಂಡತಿಯ ತಮ್ಮನಿಗೆ ತಾನೇ ಹೇಳಿಬಿಟ್ಟ: "ಭಾನುವಾರ ಬಂದು ತಗೊಂಡು ಹೋಗಪ್ಪ. ಓಡಿಸೋರ ಹತ್ರ ಇರಲಿ."

ಅವಳು ಜಗಳಕ್ಕೆ ಹೋಗಲಿಲ್ಲ. ಬಿಡಿಭಾಗದ ಅಂಗಡಿಗಳನ್ನೆಲ್ಲ ಜಾಲಾಡಿ ಈ ಡಬ್ಬಿ ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. "ಅವನು ಬರೋದು ಭಾನುವಾರ ಸಂಜೆಗೆ. ಅಷ್ಟರೊಳಗೆ ಸ್ಟಾರ್ಟ್ ಆದ್ರೆ ಗಾಡಿ ನಮ್ದು, ಇಲ್ದಿದ್ರೆ ಅವನದು."

ಅವನೋ ಮೋಟರ್ ವೈಂಡಿಂಗ್ ಮಾಡಿಯೇ ತಲೆ ನರೆಸಿಕೊಂಡವನು. ಇಂದು, ಭಾನುವಾರ ಬೆಳಿಗ್ಗೆ, ಊಟದ ಮೇಜಿನ ಮೇಲೇ ಬ್ಯಾಟರಿ ಇಟ್ಟುಕೊಂಡು, ಒಂದು ವೈರನ್ನು ಡಬ್ಬಿಯ ಮೈಗೆ, ಇನ್ನೊಂದನ್ನು ಅದರ ಸಣ್ಣ ಟರ್ಮಿನಲ್ಲಿಗೆ ಮುಟ್ಟಿಸಿದ. ಟಕ್. "ಜೀವ ಇದೆ" ಎಂದ. ಎಷ್ಟೋ ತಿಂಗಳ ಮೇಲೆ ಅವನ ಬಾಯಲ್ಲಿ ಶಿಳ್ಳೆ ಬಂತು. ರಾಗ ದಾರಿ ತಪ್ಪಿತ್ತು, ಆದರೂ ಅವಳು ಒಲೆ ಆರಿಸಿ ಕೇಳಿಸಿಕೊಂಡಳು.

ಈಗ ಬ್ಯಾಟರಿ ಕೂರಿಸಿ, ಡಬ್ಬಿಯ ಬೋಲ್ಟು ಬಿಗಿದು, ದಪ್ಪ ವೈರುಗಳೆರಡನ್ನೂ ಕಟ್ಟಿ, ಬಟನ್ನಿನ ಸಣ್ಣ ವೈರು ಸಿಕ್ಕಿಸಿ, ಅವನು ಗೋಡೆ ಹಿಡಿದು ಎದ್ದ. ಬ್ಯಾಟರಿ ಸರಿ ಇದೆಯೇ ಎಂದು ಹಾರ್ನ್ ಒತ್ತಿದ. ಇಡೀ ಬೀದಿಗೆ ಕೇಳಿಸಿತು. ಆಮೇಲೆ ಸ್ಟಾರ್ಟರ್ ಬಟನ್ ಒತ್ತಿದ.

ಏನೂ ಇಲ್ಲ. ಟಕ್ ಎನ್ನುವ ಸದ್ದೂ ಇಲ್ಲ.

ಅವನು ಮತ್ತೆ ಕುಳಿತು ಬಗ್ಗಿದ. ಡಬ್ಬಿಯನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. ಇನ್ನೊಮ್ಮೆ ಆಡಿಸಿದ. ಸ್ಪ್ಯಾನರ್ ಕೆಳಗಿಟ್ಟು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ.

"ಪಾರ್ಟೇ ಸರಿ ಇಲ್ಲ ಕಣೆ. ಹೋಗ್ಲಿ ಬಿಡು, ನಿನ್ನ ತಮ್ಮ ತಗೊಂಡು ಹೋಗ್ಲಿ."

ಅವಳು ಅವನ ಕೈ ನೋಡಿದಳು. ಕನ್ನಡಕ ಒರೆಸುವುದು ಇನ್ನೂ ನಿಂತಿರಲಿಲ್ಲ. ಮದುವೆಯಾದಾಗಿನಿಂದ ನೋಡಿದ್ದಾಳೆ, ಸುಳ್ಳು ಹೇಳುವಾಗೆಲ್ಲ ಅವನ ಕನ್ನಡಕ ಕೊಳೆಯಾಗುತ್ತದೆ.

"ಬೆಳಿಗ್ಗೆ ಟಕ್ ಅಂತಲ್ಲ?"

"ಆಗ ಅಂತು."

"ಆಗ ಒಂದು ವೈರು ಇದರ ಮೈಗೆ ಮುಟ್ಟಿಸಿದ್ರಿ. ಈಗ ಮೈಗೆ ವೈರೇ ಇಲ್ವಲ್ಲ."

"ಅದಕ್ಕೆ ವೈರು ಬೇಡ. ಪಟ್ಟಿಯ ಕಬ್ಬಿಣಕ್ಕೆ ತಾಗಿದ್ರೆ ಸಾಕು, ಅರ್ಥ್ ಸಿಗುತ್ತೆ, ಗಾಡಿ ಮೈಯಿಂದಾನೇ ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತೆ."

"ತಾಗಿದೆ ತಾನೆ?"

ಅವನು ಕನ್ನಡಕವನ್ನು ಇನ್ನೂ ಜೋರಾಗಿ ಒರೆಸಿದ. ಅವಳೇ ಬಗ್ಗಿ ನೋಡಿದಳು. ಅಲ್ಲಿ ಕಬ್ಬಿಣ ಕಾಣಲೇ ಇಲ್ಲ. ಕಂಡದ್ದು ಅವಳದೇ ಬಣ್ಣ.

ಅವನು ಆಸ್ಪತ್ರೆಯಲ್ಲಿದ್ದಾಗ ಒಳಗೆ ಬಿಡುತ್ತಿದ್ದದ್ದು ಸಂಜೆ ಮಾತ್ರ. ಹಗಲೆಲ್ಲ ಕೈ ಸುಮ್ಮನಿರಲೊಲ್ಲದೆ ಅವಳು ಗಾಡಿಯ ತುಕ್ಕು ತಿಕ್ಕಿ ಕಪ್ಪು ಬಣ್ಣ ಬಳಿದಿದ್ದಳು, ಎರಡೆರಡು ಕೋಟ್. ಬಟ್ಟೆಯ ಒಳಮಡಿಕೆಯೂ ಹೊರಗಿನಷ್ಟೇ ಅಚ್ಚುಕಟ್ಟಾಗಿರಬೇಕು ಎನ್ನುವವಳು. ಯಾರ ಕಣ್ಣಿಗೂ ಬೀಳದ ಈ ಪಟ್ಟಿಗೂ ಬಳಿದಿದ್ದಳು, ಕಡ್ಡಿಗೆ ಬಟ್ಟೆ ಸುತ್ತಿ ಬೋಲ್ಟಿನ ತೂತುಗಳ ಒಳಗೂ ಬಳಿದಿದ್ದಳು. ಮನೆಗೆ ಬಂದ ದಿನ ಅವನು ಊರುಗೋಲಿನ ಮೇಲೆ ನಿಂತು ಬಹಳ ಹೊತ್ತು ನೋಡಿ, "ಕಂಪನಿಯವರೂ ಹೀಗೆ ಬಳಿದಿರಲಿಲ್ಲ" ಎಂದಿದ್ದ.

"ಬಣ್ಣ ಅಡ್ಡ ಬಂದಿದೆ ಅನ್ನೋಕೆ ಏನಾಗಿತ್ತು ನಿಮಗೆ? ಕೆರೆದ್ರೆ ಹೋಗ್ತಿತ್ತು."

"ಕೆರೆಯೋಕೆ ಮನಸ್ಸು ಬರ್ಲಿಲ್ಲ ಕಣೆ." ಅವನು ನೆಲ ನೋಡುತ್ತಾ ಹೇಳಿದ. "ನಾನಲ್ಲಿ ಬಿದ್ಕೊಂಡಿದ್ದಾಗ ನೀನಿಲ್ಲಿ ಒಬ್ಬಳೇ ಕೂತು ಬಳಿದಿದ್ದು."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಬಡ್ಡಿಮಗಂದು ಗಾಡಿಯನ್ನೇ ಬಿಟ್ಟುಕೊಡಲು ಹೊರಟಿದ್ದನಲ್ಲ, ಇಷ್ಟೇ ಇಷ್ಟು ಬಣ್ಣಕ್ಕಾಗಿ. ಸರಸರನೆ ಒಳಗೆ ಹೋಗಿ ಕತ್ತರಿ ತಂದಳು.

"ಏಯ್, ಅದು ಮೊಂಡಾಗುತ್ತೆ."

"ಆಗ್ಲಿ. ಬೋಲ್ಟು ಬಿಚ್ಚಿ."

ಅವನು ಬಿಚ್ಚಿದ. ಅವಳು ಕೆರೆದಳು. ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಅವಳ ಮಡಿಲಿಗೆ ಬಿತ್ತು. ಅಂಗಿಗುಂಡಿಯಷ್ಟಗಲ ಬೆಳ್ಳನೆ ಕಬ್ಬಿಣ ಹೊಳೆದ ಮೇಲೆ ಅವನು ಡಬ್ಬಿಯನ್ನು ಮತ್ತೆ ಕೂರಿಸಿ ಬಿಗಿದ.

"ನೀನೇ ಒತ್ತು."

ಟಕ್. ಇಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹಿಡಿದುಕೊಂಡಿತು. ಅವನು ಬಲಗಾಲನ್ನು ಕೈಯಲ್ಲೇ ಎತ್ತಿ ಸೀಟಿನ ಆಚೆ ಹಾಕಿಕೊಂಡ. ತುಂಬ ಹೊತ್ತು ಹಿಡಿಯಿತು. ಅವಳು ಕೈ ಕೊಡಲು ಹೋಗದೆ ಕಾದಳು, ಆಮೇಲೆ ಮಡಿಲನ್ನೂ ಕೊಡವದೆ ಹಿಂದೆ ಹತ್ತಿ ಕುಳಿತಳು.

ಬೀದಿಯ ತಿರುವಿನಲ್ಲಿ ಅವಳ ತಮ್ಮ ಹೆಲ್ಮೆಟ್ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದ.