ಸೀತುವಿನ ಹಾಲುಬೆಂಡೆ

ಯಡ್ತರೆಯ ತವರಿನಿಂದ ಕೋಟೇಶ್ವರದ ಪಡುಬದಿಗೆ ಸೀತು ತಂದದ್ದರಲ್ಲಿ ಉಳಿದಿದ್ದದ್ದು ಹಾಲುಬೆಂಡೆಯ ಬೀಜವೊಂದೇ. ಬಿಳಿಚು ಮೈಯ ಉದ್ದನೆಯ ಕಾಯಿ. ಒಣ ಚಟ್ಲಿ, ಎಂದರೆ ಸಿಗಡಿ, ಹಾಕಿ ಪದಾರ್ಥ ಮಾಡಿದರೆ ಲೋಳೆಯಾಗುತ್ತಿರಲಿಲ್ಲ. ತಾಯಿ ಸತ್ತ ಮೇಲೆ ತವರಿನಲ್ಲಿ ಬೆಂಡೆ ಹಾಕುವವರೇ ಇರಲಿಲ್ಲ. ಈ ತಳಿ ತನ್ನ ತವರಿನದೆಂದು ಹೇಳಿಕೊಂಡು ಅವಳು ಕೇರಿಯಿಡೀ ಮೆರೆದದ್ದೂ ಉಂಟು.

ಅಂಥವಳು 2003ರ ಮಳೆಗಾಲದಲ್ಲಿ ಸಾಲಿನ ಕೊನೆಗೆ ಜಾಗ ಉಳಿಯಿತೆಂದು ಪೇಟೆಯ ಪ್ಯಾಕೆಟ್ ಬೀಜ ಊರಿದಳು. ಸಾಲದ್ದಕ್ಕೆ, ಅದರ ಪಕ್ಕದ ಹಾಲುಬೆಂಡೆಯನ್ನೇ ಬೀಜಕ್ಕೆ ಬಿಟ್ಟಳು. ದುಂಬಿಗಳಿಗೆ ತವರು, ಪೇಟೆ ಎಂಬ ಭೇದವಿಲ್ಲ. ಮರುವರ್ಷ ಇದ್ದಬದ್ದ ಬೀಜವನ್ನೆಲ್ಲ ಊರಿದ್ದೇ ಬಂತು, ಹುಟ್ಟಿದ್ದು ಅತ್ತ ಹಾಲುಬೆಂಡೆಯೂ ಅಲ್ಲದ, ಇತ್ತ ಪೇಟೆಯದೂ ಅಲ್ಲದ ಗಿಡ್ಡ ಹಸಿರು ಕಾಯಿ.

ಶುದ್ಧ ತಳಿ ಉಳಿದಿದ್ದದ್ದು ತೋಡಿನಾಚೆಯ ಪದ್ದುವಿನ ಹಿತ್ತಲಲ್ಲಿ ಮಾತ್ರ. ಅದೂ ಸೀತುವಿನ ಹಿತ್ತಲಿಂದ ಕದ್ದದ್ದೇ. ಬೀಜವಾಗಲಿ ಗಿಡವಾಗಲಿ ಕೇಳಿ ತಂದರೆ ಹಿಡಿಯುವುದಿಲ್ಲ, ಕದ್ದು ತಂದರೆ ಚಿಗುರುತ್ತದೆಂಬ ನಂಬಿಕೆ ಆ ಕಡೆ ಇದೆ. ಮನೆಯವಳು ಕಂಡರೂ ಕಾಣದ ಹಾಗೆ ಮುಖ ತಿರುಗಿಸಬೇಕು. ಆಗ ಸೀತುವೂ ತಿರುಗಿಸಿದ್ದಳು. ಆಮೇಲೆ ಪದ್ದುವಿನ ಕೋಳಿಗಳು ಸೀತುವಿನ ಹರಿವೆ ಪಾತಿ ಕೆದಕಿ, ಇಬ್ಬರೂ ಬಾಯಿಗೆ ಬಂದಂತೆ ಬೈದುಕೊಂಡು, ಮೂರು ವರ್ಷದಿಂದ ಮಾತಿರಲಿಲ್ಲ.

"ಅತ್ತೆ, ಹೋಯಿ ಕೇಣಿ. ಕೊಡುದಿಲ್ಯಾ?" ಎಂದಳು ಸೊಸೆ ಸೌಜನ್ಯ.

"ನಾ ಹೋಯಿ ಅವ್ಳ್ ಹತ್ರ ಕೇಂಬುದಾ? ಬೆಂಡಿ ನಂದೇ ಬೀಜದ್ದ್!"

ಜಂಬ ಒಂದು ಕಡೆ, ಕೇಳಿ ತಂದರೆ ಹುಟ್ಟಲಾರದೆಂಬ ಹೆದರಿಕೆ ಇನ್ನೊಂದು ಕಡೆ. ಕದಿಯೋಣವೆಂದರೆ ಮಾತಿಲ್ಲದವರ ಹಿತ್ತಲಲ್ಲಿ ಕದ್ದರೆ ಅದು ಬರೀ ಕಳ್ಳತನವೇ. ಆದರೆ ಬೀಜ ಬಲಿಯುವ ಸೋಣೆ ತಿಂಗಳು ಕಳೆಯುತ್ತಿತ್ತು, ಪದ್ದು ಒಣಗಿದ ಕಾಯಿ ಕೊಯ್ದಿಟ್ಟರೆ ಮುಗಿಯಿತು. ಒಂದು ಮಧ್ಯಾಹ್ನ ಸೀತು ಸೆರಗು ಸಿಕ್ಕಿಸಿಕೊಂಡು ತೋಡು ದಾಟಿದಳು.

ಬೇಲಿ ನುಸುಳಿ ಮೊದಲು ಸಿಕ್ಕಿದ ಕಾಯಿಗೆ ಕೈ ಹಾಕಿದ್ದಷ್ಟೆ, ತಲೆಯೆತ್ತಿದರೆ ಬಾವಿಕಟ್ಟೆಯಲ್ಲಿ ಪದ್ದು. ಇಬ್ಬರ ಕಣ್ಣೂ ಕೂಡಿದವು. ಸೀತುವಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಈಗ ಕೇರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ ಎಂದುಕೊಂಡಳು.

ಪದ್ದು ಕೂಗಿದ್ದು ನಿಜ. ಆದರೆ ಬೆನ್ನು ತಿರುಗಿಸಿ, ಮನೆಯ ಕಡೆ ಮುಖ ಮಾಡಿ, ಗಂಡ ಕಿಟ್ಟನಿಗೆ.

"ಹ್ವಾಯ್, ಕೇಂತಾ? ಅದ್ ಇನ್ನೂ ಎಳತ್, ಕೊಯ್ದ್ರೆ ಹುಟ್ಟುದಿಲ್ಲ. ಬೀಜಕ್ ಬಿಟ್ಟದ್ದ್ ಮೂಲಿ ಗಿಡದಗ್ ಇತ್ತ್, ಎರಡ್ ಕಾಯಿ. ಎರಡೂ ಬೇಕಾತ್, ಅಕಾ!"

ಸೀತು ಮೂಲೆಯ ಗಿಡದಿಂದ ಎರಡೂ ಕಾಯಿ ಮುರಿದು ಸೆರಗಿಗೆ ಹಾಕಿಕೊಂಡಳು. ಕಣ್ಣು ತುಂಬಿ ಬಂದು ಬೇಲಿಯ ಕಂಡಿ ಕಾಣಲಿಲ್ಲ, ಮುಳ್ಳು ತರಚಿತು. ಕಿಟ್ಟ ಮನೆಯಲ್ಲಿರಲಿಲ್ಲ. ಆ ದಿನ ಬೆಳಿಗ್ಗೆ ಅವನು ದೋಣಿಗೆ ಹೋದದ್ದನ್ನು ಸೀತುವೇ ಕಂಡಿದ್ದಳು.