ಮೊದಲ ಎಲೆಯ ಊಟ

ಉಜ್ಜನಪ್ಪ ಊಟಕ್ಕೆ ಕೂತರೆ ಕೋಟೆ ಬೀದಿಯ ನೆರಳು ಈ ಕಡೆಯಿಂದ ಆ ಕಡೆಗೆ ತಿರುಗುತ್ತದೆ ಎಂದು ಶಿವಮೊಗ್ಗದ ನೆಂಟರೆಲ್ಲ ನಗುತ್ತಿದ್ದರು. ವಿಭೂತಿ, ಊದುಬತ್ತಿ, ಮದ್ದಿನ ಬೇರು ಮಾರುವ ಸಣ್ಣ ಅಂಗಡಿ ಅವನದು. ಗಿರಾಕಿ ಅವಸರ ಮಾಡಿದರೆ, “ಬಿಸಿಲಲ್ಲಿ ಬಂದಿದೀಯ ಮಾರಾಯ, ಮೊದಲು ನೀರು ಕುಡಿ” ಎನ್ನುತ್ತಿದ್ದ. ಬೀದಿಯಲ್ಲಿ ಸೈಕಲ್ಲು ಹೆಚ್ಚಿದವು, ಲಾರಿ ಬಂದವು. ಅವನ ನಡಿಗೆ ಮಾತ್ರ ಹಾಗೇ ಉಳಿಯಿತು.

ಹೆಂಡತಿ ಶಂಕರಮ್ಮನಿಗೂ ಇದರಿಂದ ನಗು ಬರುತ್ತಿದ್ದ ಕಾಲವೊಂದಿತ್ತು. ಮಗಳು ಉಮಾಮಹೇಶ್ವರಿಗೆ ಬಂದಿದ್ದ ದಾವಣಗೆರೆಯ ಸಂಬಂಧ ಕೈತಪ್ಪಿದ ಮೇಲೆ ಆ ನಗು ನಿಂತಿತು. ಮಾತುಕತೆಗೆಂದು ಹೊರಟ ಉಜ್ಜನಪ್ಪ, ಹಳೆಯ ಗಿರಾಕಿಯೊಬ್ಬ ಜ್ವರದಲ್ಲಿ ಮಲಗಿದ್ದಾನೆಂದು ಕೇಳಿ ನಡುದಾರಿಯಲ್ಲೇ ಬಸ್ಸಿಳಿದು, ಮಾರನೆಯ ದಿನ ಹೋಗಿ ಮುಟ್ಟಿದ್ದ. ಅಷ್ಟರಲ್ಲಿ ಹುಡುಗನಿಗೆ ಬೇರೆ ಕಡೆ ವೀಳ್ಯಶಾಸ್ತ್ರ ಮುಗಿದಿತ್ತು.

ಈಗ ಭದ್ರಾವತಿಯಿಂದ ಇನ್ನೊಂದು ಸಂಬಂಧ ಬಂದಿತ್ತು. ಹುಡುಗ ವೀರಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ಅಪ್ಪ ಓಂಕಾರಪ್ಪ ಅಲ್ಲೇ ಮೇಸ್ತ್ರಿ. ನ್ಯೂಟೌನಿನ ಅವರ ಮನೆಯಲ್ಲಿ ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಸೈರನ್ನಿನ ಮೇಲೆ. ಹೆಣ್ಣು ನೋಡಲು ಬರುವ ದಿನ ಅಪ್ಪ ಮಗ ಇಬ್ಬರಿಗೂ ಮಧ್ಯಾಹ್ನದ ಪಾಳಿ. ಊಟ ಮುಗಿಸಿ ಒಂದು ಗಂಟೆಯ ಬಸ್ಸು ಹಿಡಿಯಲೇಬೇಕೆಂದು ಮೊದಲೇ ಹೇಳಿ ಕಳಿಸಿದ್ದರು.

ಪಂಕ್ತಿಯಲ್ಲಿ ಮೊದಲ ಎಲೆಗೆ ಕೂತವರು ಎದ್ದ ಮೇಲೆಯೇ ಮಿಕ್ಕವರು ಏಳಬೇಕು; ಅವರು ಎದ್ದರೆ ಮತ್ತೆ ಯಾರೂ ಕೂತು ಉಣ್ಣುವಂತಿಲ್ಲ. ಮೊದಲ ಎಲೆ ಮನೆಯ ಯಜಮಾನನದು. ಶಂಕರಮ್ಮನಿಗೆ ದಿಗಿಲಾಗಿದ್ದುದು ಇದಕ್ಕೇ.

“ರೀ, ನಿಮಗೆ ಕೈ ಮುಗೀತೀನಿ,” ಎಂದಳು ಬೆಳಿಗ್ಗೆ ಹೋಳಿಗೆಗೆ ಕಣಕ ನಾದುತ್ತಾ. “ಇವತ್ತೊಂದು ದಿನ ಬೇಗ ಉಂಡು ಏಳಿ. ಇದೂ ತಪ್ಪಿದ್ರೆ ಹುಡುಗಿ ಮುಖ ನೋಡೋಕಾಗಲ್ಲ ನನಗೆ.”

“ಆಯ್ತು ಮಾರಾಯ್ತಿ, ಬೇಗ ಉಣ್ತೀನಿ.”

“ನಿಮ್ಮ ಬೇಗ ಅಲ್ಲ. ಭದ್ರಾವತಿಯವರ ಬೇಗ.”

ಬಂದವರು ಮೂವರು. ಓಂಕಾರಪ್ಪ ಚಪ್ಪಲಿ ಬಿಡುವಾಗಲೇ ಕೈಗಡಿಯಾರ ನೋಡಿದ. ಅವನ ತಾಯಿ ನಂಜಮ್ಮ ಮೊಮ್ಮಗನ ಭುಜ ಹಿಡಿದು ಒಳಗೆ ಬಂದಳು. ಉಮಾಮಹೇಶ್ವರಿ ಪಾನಕ ತಂದಿಟ್ಟಳು. ವೀರಪ್ಪ ಲೋಟವನ್ನೇ ನೋಡುತ್ತಾ ನಕ್ಕ.

“ಹುಡುಗಿ ಲಕ್ಷಣವಾಗಿದ್ದಾಳೆ,” ಎಂದ ಓಂಕಾರಪ್ಪ. “ಆದ್ರೆ ನಮ್ಮನೇಲಿ ಚುರುಕಾಗಿರಬೇಕು ನೋಡಿ. ಅಪ್ಪನ ಹಾಗೆ ಆದ್ರೆ ನಮ್ಮ ಪಾಳಿ ಕೆಟ್ಟ ಹಾಗೇ!”

ಎಲ್ಲರೂ ನಕ್ಕರು. ಶಂಕರಮ್ಮನೂ ನಗಬೇಕಾಯಿತು.

ಎಲೆ ಹಾಕಿದರು. ಹಿರಿಯಳೆಂದು ನಂಜಮ್ಮನಿಗೂ ಕೊನೆಯಲ್ಲಿ ಒಂದು ಎಲೆ. ಉಜ್ಜನಪ್ಪ ಕೊಟ್ಟ ಮಾತು ಮರೆಯಲಿಲ್ಲ. ಅವನು ತುತ್ತೆತ್ತುತ್ತಿದ್ದ ರಭಸ ಕಂಡು ಶಂಕರಮ್ಮನಿಗೆ ಅಯ್ಯೋ ಅನ್ನಿಸಿತು. ಮಿಕ್ಕವರು ಮಜ್ಜಿಗೆ ಕುಡಿಯುವ ಹೊತ್ತಿಗೆ ಅವನದೂ ಮುಗಿದಿತ್ತು. ಏಳಲೆಂದು ಎಡಗೈಯನ್ನು ನೆಲಕ್ಕೂರಿದ.

ಆಗ ಅವನ ಕಣ್ಣು ಕೊನೆಯ ಎಲೆಯ ಮೇಲೆ ಬಿತ್ತು. ಹಲ್ಲಿಲ್ಲದ ನಂಜಮ್ಮ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ವಸಡಿನಿಂದ ಅರೆಯುತ್ತಿದ್ದಳು. ಅರ್ಧವೂ ಆಗಿರಲಿಲ್ಲ, ಅನ್ನ ಮುಟ್ಟಿಯೇ ಇರಲಿಲ್ಲ. ಅವನು ಕೈಯೂರಿದ್ದನ್ನು ಕಂಡು, ದಿನವೂ ಮಾಡುವವಳಂತೆ, ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿ ನೀರಿನ ಚೆಂಬಿಗೆ ಕೈ ಚಾಚಿದಳು.

ಉಜ್ಜನಪ್ಪ ನೆಲದ ಮೇಲಿನ ಕೈ ತೆಗೆದ.

“ಇವಳೇ, ಇನ್ನೊಂದು ಹೋಳಿಗೆ ತಾ. ತುಪ್ಪಾನೂ ತಾ.”

“ಮಜ್ಜಿಗೆ ಆಯ್ತಲ್ರೀ!”

“ಆಗ್ಲಿ ಬಿಡು.”

ಶಂಕರಮ್ಮ ಓಂಕಾರಪ್ಪನ ಮುಖ ನೋಡುತ್ತಲೇ ಬಡಿಸಿದಳು. ಉಜ್ಜನಪ್ಪ ಹೋಳಿಗೆಯ ಚೂರು ಮುರಿದು, ತುಪ್ಪಕ್ಕೆ ಅದ್ದಿ, ಕಣ್ಣು ಅರೆಮುಚ್ಚಿ ಅಗಿದ. ತನ್ನ ಹಳೆಯ ಗತಿಗೆ ಬಂದಿದ್ದ. ಓಂಕಾರಪ್ಪ ಕೆಮ್ಮಿದ. “ಯಜಮಾನ್ರೇ, ಬಸ್ಸು...”

“ಇನ್ನೊಂದು ಬರುತ್ತೆ. ಅವ್ವಾ, ಹೋಳಿಗೆ ಮೆತ್ತಗಿದೆಯಾ?”

“ಬೆಣ್ಣೆ ಹಾಗಿದೆ ಕಣಪ್ಪ.”

“ಹಾಗಾದ್ರೆ ನಿಧಾನಕ್ಕೆ ಉಣ್ಣಿ. ನಂದಿನ್ನೂ ಮುಗಿದಿಲ್ಲ.”

ನಂಜಮ್ಮ ಎಲೆಯಂಚಿನ ಹೋಳಿಗೆಯನ್ನು ಮತ್ತೆ ಎಳೆದುಕೊಂಡಳು. ಅದಾದ ಮೇಲೆ ಅನ್ನ, ಸಾರು, ಮತ್ತೆ ಅನ್ನ. ವೀರಪ್ಪ ಅಜ್ಜಿಯನ್ನೇ ನೋಡುತ್ತಾ ಕೂತ. ಬಸ್ಸಿನ ಹೊತ್ತು ಮೀರಿತು.

ಕೊನೆಗೆ ಎಲ್ಲರೂ ಎದ್ದು ಕೈ ತೊಳೆದಾಗ ಓಂಕಾರಪ್ಪನ ಮುಖ ಕೆಂಪಾಗಿತ್ತು. “ಪಾಳಿ ಹೋಯ್ತು. ತಪ್ಪು ತಿಳೀಬೇಡಿ, ಈ ಸಂಬಂಧ ನಮಗೆ ಹೊಂದಲ್ಲ” ಎಂದು ಶಲ್ಯ ಕೊಡವಿ ಹೆಗಲಿಗೆ ಹಾಕಿದ. ಶಂಕರಮ್ಮ ಅಡುಗೆಮನೆಯ ಬಾಗಿಲು ಹಿಡಿದು ನಿಂತಳು.

“ಕೂತ್ಕೋ ಓಂಕಾರಿ,” ಎಂದಳು ನಂಜಮ್ಮ. “ನಿಮ್ಮಪ್ಪ ಹೋದ ಮೇಲೆ ನಾನು ಹೊಟ್ಟೆ ತುಂಬಾ ಉಂಡಿದ್ದು ಇವತ್ತೇ. ನೀವು ಸೈರನ್ ಅಂತ ಎದ್ದು ಓಡ್ತೀರ, ನಿಮ್ಮ ಜೊತೆ ನಾನೂ ಏಳ್ತೀನಿ.”

“ಒಂದಿನಾನೂ ಹೇಳ್ಲಿಲ್ವಲ್ಲವ್ವಾ?”

“ಕೇಳೋಕೆ ನಿನಗೆ ಹೊತ್ತೆಲ್ಲಿತ್ತೋ? ಈ ಮನೆ ಹುಡುಗಿ ಬರ್ಲಿ. ನನ್ನ ಪಕ್ಕ ಕೂತು ಉಣ್ಣೋರು ಒಬ್ರು ಬೇಕು ನನಗೆ.”

ಓಂಕಾರಪ್ಪ ತಾಯಿಯ ಮುಖ ನೋಡಿದ. ಆಮೇಲೆ ಶಲ್ಯ ತೆಗೆದು ಮೊಳೆಗೆ ಹಾಕಿ ಕೂತ. ಅಂದೇ ವೀಳ್ಯ ಬದಲಾಯಿಸಿ ಸಂಜೆಯ ಬಸ್ಸಿಗೆ ಹೊರಟರು.

ಅವರನ್ನು ಕಳಿಸಿದ ಮೇಲೆ ಶಂಕರಮ್ಮ ಎಲೆ ಹಾಕಿಕೊಂಡಳು. ಉಜ್ಜನಪ್ಪ ಎದುರಿಗೆ ಕೂತು ವೀಳ್ಯದೆಲೆಯ ನಾರು ತೆಗೆಯತೊಡಗಿದ.

“ಮಾತು ಕೊಟ್ಟು ತಪ್ಪಿದ್ರಲ್ರೀ. ಸಂಬಂಧ ಹೋಗಿದ್ರೆ?”

ಅವನು ಒಂದು ಎಲೆಯ ನಾರು ಪೂರ್ತಿ ತೆಗೆದ ಮೇಲೆ ಹೇಳಿದ: “ಅಜ್ಜಿ ಬಾಯಲ್ಲಿ ತುತ್ತಿತ್ತು ಕಣೇ.”

ಶಂಕರಮ್ಮ ತನ್ನ ಎಲೆಯನ್ನೂ ಎದುರಿಗೆ ಕೂತವನನ್ನೂ ನೋಡಿದಳು. ಮದುವೆಯಾದಂದಿನಿಂದ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಿದ್ದವಳು ಅವಳು. ಆದರೆ ಒಬ್ಬಳೇ ಕೂತು ಉಂಡ ನೆನಪೇ ಇಲ್ಲ. ಯಾವಾಗಲೂ ಇವನು ಎದುರಿಗಿರುತ್ತಿದ್ದ, ವೀಳ್ಯದೆಲೆ ಒರೆಸುತ್ತಲೋ ಅಡಿಕೆ ಕತ್ತರಿಸುತ್ತಲೋ. ಸೋಮಾರಿತನ ಅಂದುಕೊಂಡಿದ್ದಳು.

“ಇನ್ನೊಂದು ಹೋಳಿಗೆ ಹಾಕ್ಕೋ,” ಎಂದು ಉಜ್ಜನಪ್ಪ ಮತ್ತೊಂದು ವೀಳ್ಯದೆಲೆ ಎತ್ತಿಕೊಂಡ. “ನಂದಿನ್ನೂ ಮುಗಿದಿಲ್ಲ.”